ಹುಡುಕಿದ ಕೂಲಿ

ಯುಗಾದಿ ಮುಗಿದು ಬಸವ ಜಯಂತಿ ಹತ್ತಿರವಾಗುವ ಹೊತ್ತಿಗೆ ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ನೋಟ ಸಾಮಾನ್ಯ. ನಾಲ್ಕೂ ಕಿಟಕಿಯ ಗಾಜು ಇಳಿಸಿಕೊಂಡು ಕಾರೊಂದು ತೊರವಿ ದಾಟಿ ಟಿಕೋಟಾ ಕಡೆಗೆ ಹೊರಟಿರುತ್ತದೆ. ಮುಂದೆ ಕೂತ ಹಿರಿಯರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿರುತ್ತಾರೆ. ಹಿಂದೆ ಲಗ್ನಕ್ಕೆ ಹೊರಟ ಹೆಣ್ಣುಮಕ್ಕಳು ಎರೆಹೊಲದ ಧೂಳಿಗೆ ಸೆರಗು ಅಡ್ಡ ಹಿಡಿದಿರುತ್ತಾರೆ. ಹೊರಗಿನ ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಕಾರಿನಲ್ಲಿ ಎ.ಸಿ. ಇಲ್ಲವೆಂದಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಗಾಳಿಯೂ ಬರುತ್ತದೆ. ಆದರೆ ಬರುವ ಗಾಳಿ ಬಿಸಿ.

ಇಂಥ ಕಾರಿನ ಬಗ್ಗೆ ಯಾರನ್ನು ಕೇಳಿದರೂ ಉತ್ತರ ಒಂದೇ. ‘ಗ್ಯಾಸ್ ಖಾಲಿ ಆಗೇತ್ರಿ, ತುಂಬಿಸ್ರಿ.’ ಚಹಾದಂಗಡಿಯಲ್ಲಿ ಪಕ್ಕ ಕೂತವರು ಹೇಳುತ್ತಾರೆ, ಮನೆಯ ಅಳಿಯ ಹೇಳುತ್ತಾನೆ, ಪಂಕ್ಚರ್ ತಿದ್ದುವ ಹುಡುಗನೂ ಹೇಳುತ್ತಾನೆ. ನಾವು ಗ್ಯಾರೇಜಿಗೆ ಹೋಗುವುದೂ ಆ ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡೇ. ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ ‘ಗ್ಯಾಸ್ ಹಾಕಾಕ ಎಷ್ಟು ತಗೋತೀರಿ?’ ಎಂದು ಶುರುಮಾಡುತ್ತೇವೆ. ಅವರು ಒಂದು ದರ ಹೇಳುತ್ತಾರೆ, ನಾವು ನೂರು ರೂಪಾಯಿ ಇಳಿಸುತ್ತೇವೆ, ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಕಾರು ತಣ್ಣಗೆ ಊದುತ್ತದೆ. ಕಾರ ಹುಣ್ಣಿಮೆಯ ಹೊತ್ತಿಗೆ ಮತ್ತೆ ಬಿಸಿ ಗಾಳಿ. ಮತ್ತೆ ಗ್ಯಾಸ್. ಗ್ಯಾರೇಜಿನವರು ಮೋಸ ಮಾಡಿದರೆಂದು ಬೈದುಕೊಂಡು ಬೇರೊಂದು ಗ್ಯಾರೇಜಿಗೆ ಹೋಗುತ್ತೇವೆ. ಅಲ್ಲಿಯೂ ಮೊದಲ ಮಾತು ಅದೇ.

ಎ.ಸಿ.ಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿದಾಗ ಬಿಸಿಯಾದ ಅನಿಲ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಬಂದು, ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದಿಂದ ನುಗ್ಗಿದ ಕೂಡಲೇ ಒತ್ತಡ ಕುಸಿಯುತ್ತದೆ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಮತ್ತೆ ಅನಿಲವಾಗುತ್ತದೆ. ಕುದಿಯಲು ಶಾಖ ಬೇಕಲ್ಲ, ಅದನ್ನು ಕಾರಿನೊಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಹೂಜಿಯ ಹೊರಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪು ಮಾಡುವುದೂ ಇದೇ ಧರ್ಮದಿಂದ. ವ್ಯತ್ಯಾಸವೆಂದರೆ ಹೂಜಿಯ ನೀರು ಊರಿನ ಗಾಳಿಗೆ ಸೇರಿಹೋಗುತ್ತದೆ, ಕಾರಿನ ಗ್ಯಾಸು ಕಂಪ್ರೆಸರಿಗೆ ಮರಳಿ ಮೊದಲಿನಿಂದ ಸುತ್ತು ಹಾಕುತ್ತದೆ. ನಮ್ಮ ಬಹುತೇಕ ಕಾರುಗಳಲ್ಲಿರುವ ಆರ್-134ಎ ಎಂಬ ಅನಿಲ ಬಯಲಿನಲ್ಲಿ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದು.

ಹಾಗಾದರೆ ‘ಖಾಲಿ ಆಗೇತಿ’ ಎಂಬ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರಬೇಕು. ಎಲ್ಲಿಗೆ ಹೋಯಿತು? ರಬ್ಬರ್ ಹೋಸುಗಳ ಮೂಲಕ ವರ್ಷಗಟ್ಟಲೆ ಒಂದಿಷ್ಟು ಒಸರುವುದು ನಿಜ. ಹಳೆಯ ಗಾಡಿಗೆ ಎಷ್ಟೋ ವರ್ಷದ ಮೇಲೆ ಸ್ವಲ್ಪ ಕಡಿಮೆ ಬಿದ್ದರೆ ಅದನ್ನು ಸಹಜವೆನ್ನಬಹುದು. ಆದರೆ ಒಂದು ಬೇಸಿಗೆಯೊಳಗೆ ಪೂರ್ತಿ ಖಾಲಿಯಾದರೆ ಎಲ್ಲೋ ತೂತಿದೆ ಎಂದೇ ಅರ್ಥ. ಕೊಳವೆ ಕೂಡುವಲ್ಲಿ ಇರುವ ಓ-ರಿಂಗು ಒಣಗಿ ಬಿರಿದಿರಬಹುದು. ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಕಂಡೆನ್ಸರಿಗೆ ತಾಗಿರಬಹುದು. ಕಂಪ್ರೆಸರಿನ ಶಾಫ್ಟ್ ಸೀಲ್ ಸವೆದಿರಬಹುದು. ಒಳಗಿನ ಕೂಲಿಂಗ್ ಕಾಯಿಲ್ ತೇವಕ್ಕೂ ಧೂಳಿಗೂ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಬಿಟ್ಟಿರಬಹುದು. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಉಳಿಯುತ್ತದೆ: ಬಿಸಿ ಗಾಳಿ ಬರುವ ಕಾರುಗಳಲ್ಲೆಲ್ಲ ಗ್ಯಾಸು ಕಡಿಮೆಯಾಗಿರುವುದೂ ಇಲ್ಲ.

ಒಳ್ಳೆಯ ಮೇಸ್ತ್ರಿ ಯಾರೆಂದು ಅವರು ಕೈ ಹಾಕುವ ಮೊದಲೇ ಗೊತ್ತಾಗುತ್ತದೆ. ಅಂಥವರು ಮೊದಲು ಕೇಳುತ್ತಾರೆ. ಟಿಕೋಟಾ ಕಡೆಯ ಒಬ್ಬರ ಕೆಲಸ ನೋಡುತ್ತ ನಿಲ್ಲುವುದೆಂದರೆ ನನಗೆ ಇಷ್ಟ. ಅವರ ಸಲಕರಣೆಗಳಿಗಿಂತ ಪ್ರಶ್ನೆಗಳೇ ಹರಿತ.

‘ಸರ್ರ, ಬಿಸಿ ಗಾಳಿ ಯಾವಾಗ ಬರತೈತ್ರಿ? ಗಾಡಿ ನಿಂತಾಗೋ, ಓಡುವಾಗೋ?’

‘ಅದನ್ನ ಲಕ್ಷ್ಯ ಇಟ್ಟು ನೋಡಿಲ್ಲಪಾ.’

‘ಹೋಗ್ಲಿ ಬಿಡ್ರಿ. ಗಾಳಿ ಜೋರ ಬರತೈತೋ, ಗಾಳೀನ ಕಡಿಮಿ ಆಗೇತೋ?’

‘ಜೋರ ಬರತೈತಿ, ಆದ್ರ ಬಿಸಿ.’

‘ಒಮ್ಮಿಗೇ ಹಿಂಗಾತ್ರ್ಯೋ, ದಿನಾ ಸ್ವಲ್ಪ ಸ್ವಲ್ಪ ತಂಪು ಕಡಿಮಿ ಆಕ್ಕೋತ ಬಂತೋ?’

ಈ ಮೂರು ಪ್ರಶ್ನೆಗಳಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಗಾಂಧಿ ಚೌಕದ ದಟ್ಟಣೆಯಲ್ಲಿ ನಿಂತಾಗ ಬಿಸಿ, ಊರು ದಾಟಿ ವೇಗ ಹಿಡಿದ ಕೂಡಲೇ ತಂಪು ಎಂದರೆ ಗ್ಯಾಸಿನ ಮೇಲೆ ಅನುಮಾನಪಡುವುದಕ್ಕಿಂತ ಮೊದಲು ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ಓಡುವಾಗ ಗಾಳಿ ತಾನಾಗಿ ನುಗ್ಗಿ ಕಂಡೆನ್ಸರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಫ್ಯಾನಿನ ಮೋಟಾರೋ, ರಿಲೇಯೋ, ಒಂದು ಚಿಕ್ಕ ಫ್ಯೂಸೋ ಸೋತಿದ್ದರೆ ಎಷ್ಟು ಗ್ಯಾಸ್ ತುಂಬಿದರೂ ಪ್ರಯೋಜನವಿಲ್ಲ. ಹೊರಟಾಗ ಚೆನ್ನಾಗಿ ತಂಪು, ತಾಸು ಕಳೆದ ಮೇಲೆ ಗಾಳಿಯ ಜೋರೇ ಕುಗ್ಗಿ ಬಿಸಿ, ಸ್ವಲ್ಪ ಹೊತ್ತು ಬಂದ್ ಮಾಡಿದರೆ ಮತ್ತೆ ಸರಿ ಎಂದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿರಬೇಕು. ನಿನ್ನೆವರೆಗೆ ಸರಿಯಿದ್ದು ಇಂದು ಒಮ್ಮೆಲೇ ನಿಂತಿದ್ದರೆ ವಿದ್ಯುತ್ತಿನ ಕಡೆ, ಇಲ್ಲವೇ ಕಲ್ಲೇಟು, ಒಡೆದ ಹೋಸು. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ ಬಂದಿದ್ದರೆ ಸೋರಿಕೆಯೋ ಧೂಳೋ. ಮುಂದಿನ ಒಂದು ಕಿಂಡಿಯಲ್ಲಿ ತಂಪು, ಇನ್ನೊಂದರಲ್ಲಿ ಬಿಸಿ ಎಂದರೆ ಗ್ಯಾಸ್ ಕಡಿಮೆಯಾಗಿರಬಹುದು, ಅಥವಾ ಹೀಟರಿನ ಗಾಳಿಯನ್ನು ತಡೆಯುವ ಒಳಗಿನ ಪಡದೆ ಅರ್ಧಕ್ಕೇ ಸಿಕ್ಕಿಕೊಂಡಿರಬಹುದು.

ಆಮೇಲೆ ಕಿವಿಯ ಕೆಲಸ. ಬಾನೆಟ್ ಎತ್ತಿ ಎ.ಸಿ. ಹಾಕಿದಾಗ ‘ಟಕ್’ ಎಂಬ ಸದ್ದು ಬಂದು ಕಂಪ್ರೆಸರಿನ ಮುಂದಿನ ತಟ್ಟೆ ತಿರುಗಬೇಕು. ಅದು ವಿದ್ಯುತ್ ಕ್ಲಚ್ಚು ಹಿಡಿದ ಸದ್ದು. ಹೊಸ ಬಗೆಯ ಕೆಲವು ಕಂಪ್ರೆಸರುಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅಂಥ ಕಡೆ ಕಿವಿಯನ್ನು ನಂಬುವಂತಿಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಮೊದಲ ಬಾರಿಗೆ ಕಂಪನಿಯಿಂದಲೇ ಎ.ಸಿ. ಸಮೇತ ಸಿಗುವ ಕಾರನ್ನು ತೋರಿಸಿತು. ಆ ಕಾಲಕ್ಕೆ ಅದರಲ್ಲಿ ಈ ಕ್ಲಚ್ಚೂ ಇರಲಿಲ್ಲ. ತಂಪು ಸಾಕೆನಿಸಿದರೆ ಇಂಜಿನ್ ಬಂದ್ ಮಾಡಿ, ಕೆಳಗಿಳಿದು, ಬಾನೆಟ್ ತೆರೆದು, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಿಡಬೇಕಿತ್ತು. ಇಂದು ಬೆರಳ ತುದಿಯಲ್ಲಿ ಆಗುವ ಕೆಲಸವದು. ಕ್ಲಚ್ಚು ಹಿಡಿಯದಿದ್ದರೆ ಫ್ಯೂಸು, ರಿಲೇ, ತಂತಿ ನೋಡಬೇಕು. ಗ್ಯಾಸು ತೀರಾ ಕಡಿಮೆಯಾದಾಗ ಪ್ರೆಶರ್ ಸ್ವಿಚ್ಚು ತಾನೇ ಕ್ಲಚ್ಚನ್ನು ತಡೆಯುತ್ತದೆ. ಗ್ಯಾಸಿನ ಜೊತೆಗೇ ಸುತ್ತುವ ಎಣ್ಣೆಯಿಂದ ಕಂಪ್ರೆಸರಿಗೆ ಜೀವ, ಗ್ಯಾಸಿಲ್ಲದೆ ಓಡಿದರೆ ಅದು ಒಣಗಿ ಸುಟ್ಟುಹೋಗುತ್ತದೆ. ಆ ಸ್ವಿಚ್ಚನ್ನು ತಂತಿ ಜೋಡಿಸಿ ದಾಟಿಸಿ ‘ನೋಡ್ರಿ, ಓಡಾಕ ಹತ್ತಿತು’ ಎನ್ನುವವರಿಂದ ದೂರವಿರುವುದು ಲೇಸು.

ನಮ್ಮ ಭಾಗದಲ್ಲಿ ಧೂಳಿನ ಪಾಲು ದೊಡ್ಡದು. ಟಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಒಳರಸ್ತೆಯಲ್ಲೇ ಓಡಾಟ. ಒಣದ್ರಾಕ್ಷಿ ಶೆಡ್ಡುಗಳು ತುಂಬಿರುವ ದಿನಗಳಲ್ಲಿ ಈ ರಸ್ತೆಗಳಿಗೆ ಬಿಡುವೇ ಇರುವುದಿಲ್ಲ. ಬಬಲೇಶ್ವರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋದವರಿಗೆ ರವದಿಯ ಚೂರು ಗಾಜಿಗೆ ಬಡಿಯುವುದು ಗೊತ್ತೇ ಇದೆ. ಅದೆಲ್ಲ ಹೋಗಿ ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಕೂಡುತ್ತದೆ. ಮುಂಗಾರಿನ ಮೊದಲ ಹನಿಗೆ ಅದು ಕೆಸರಾಗಿ, ಒಣಗಿ, ಗೋಡೆ ಮೆತ್ತಿದಂತಾಗುತ್ತದೆ. ಶಾಖ ಹೊರಗೆ ಹೋಗದಿದ್ದರೆ ಒಳಗೆ ತಂಪು ಹುಟ್ಟುವುದಿಲ್ಲ. ಇದನ್ನು ತೊಳೆಯಲು ಸಾದಾ ಪೈಪಿನ ನೀರು ಸಾಕು, ಸಾಧ್ಯವಾದರೆ ಇಂಜಿನ್ನಿನ ಕಡೆಯಿಂದ ಹೊರಕ್ಕೆ ಹರಿಯುವಂತೆ. ಸರ್ವಿಸ್ ಸ್ಟೇಶನ್ನಿನ ಜೋರಾದ ಜೆಟ್ಟು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಮಡಚಿ ದಾರಿ ಇನ್ನಷ್ಟು ಮುಚ್ಚುತ್ತದೆ. ಗಾಳಿಯೇ ಕಡಿಮೆಯಿದ್ದರೆ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುವ ಎ.ಸಿ. ಫಿಲ್ಟರ್ ಹೊರತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಕಾರು ತಂದ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಇನ್ನೂ ಸುಲಭದ್ದೊಂದಿದೆ. ಹೊರಗಿನ ಗಾಳಿ ಒಳಗೆ ಎಳೆಯುವ ಗುಂಡಿ ಹಾಗೇ ಉಳಿದಿದ್ದರೆ ಪಾಪ, ಎ.ಸಿ. ಪ್ರತಿ ಕ್ಷಣವೂ ನಲವತ್ತು ಡಿಗ್ರಿಯ ಹೊಸ ಗಾಳಿಯನ್ನು ತಣಿಸುತ್ತ ಕೂತಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಶಾಖವನ್ನು ಕಿಟಕಿ ತೆರೆದು ಎರಡು ನಿಮಿಷ ಹೊರಬಿಟ್ಟು, ಆಮೇಲೆ ಗಾಜು ಏರಿಸಿ ಒಳಗಾಳಿಯನ್ನೇ ಸುತ್ತಲು ಬಿಟ್ಟರೆ ‘ಕೆಟ್ಟ’ ಎ.ಸಿ. ಕೆಲವು ಸಲ ಅಲ್ಲಿಯೇ ಗುಣವಾಗುತ್ತದೆ.

ಊರು ನೋಡಿ ಲಕ್ಷಣ ಓದಬೇಕೆಂಬುದಕ್ಕೆ ಒಂದು ಉದಾಹರಣೆ ಹೇಳಬೇಕು. ಕಾರಿನ ಕೆಳಗೆ ಹನಿ ಹನಿ ನೀರು ಬಿದ್ದರೆ ಎ.ಸಿ. ಸರಿಯಿದೆ, ಬೀಳದಿದ್ದರೆ ಕೆಟ್ಟಿದೆ ಎಂದು ಹಲವರು ನಂಬುತ್ತಾರೆ. ಮಂಗಳೂರಿನಲ್ಲಿ ಇದು ನಡೆಯುತ್ತದೆ. ಅಲ್ಲಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ, ತಣ್ಣನೆಯ ಕಾಯಿಲ್‌ಗೆ ತಾಗಿ ನೀರಾಗಿ ಸುರಿಯುತ್ತದೆ. ವಿಜಯಪುರದ ಏಪ್ರಿಲ್ ಗಾಳಿ ಒಣ ಗಾಳಿ. ಇಲ್ಲಿ ಗಟ್ಟಿಮುಟ್ಟಾದ ಎ.ಸಿ. ಕೂಡ ಅಷ್ಟು ನೀರು ಬಿಡುವುದಿಲ್ಲ. ಕರಾವಳಿಯ ನೆಂಟರು ಫೋನಿನಲ್ಲಿ ಕೊಟ್ಟ ಸಲಹೆಯನ್ನು ಇಲ್ಲಿ ಹಾಗೆಯೇ ನಂಬಿದರೆ ಸರಿಯಿರುವ ಯಂತ್ರವನ್ನು ಬಿಚ್ಚಿಸಬೇಕಾಗುತ್ತದೆ. ನೀರು ಕಾರಿನ ಒಳಗೇ, ಕಾಲಡಿಯ ಕಾರ್ಪೆಟ್ಟಿಗೆ ಇಳಿದರೆ ಮಾತ್ರ ಹೊರಹೋಗುವ ಪೈಪು ಕಟ್ಟಿಕೊಂಡಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಆದ ಮೇಲೆ ಗೇಜು. ನೀಲಿ ಮತ್ತು ಕೆಂಪು, ಎರಡು ಮುಳ್ಳುಗಳು. ಒಂದು ಕಡಿಮೆ ಒತ್ತಡದ ಬದಿಗೆ, ಇನ್ನೊಂದು ಹೆಚ್ಚಿನದಕ್ಕೆ. ದ್ರಾಕ್ಷಿ ತೋಟದವರಿಗೆ ಈ ವಿದ್ಯೆ ಹೊಸದೇನಲ್ಲ. ಡ್ರಿಪ್ಪಿನ ಫಿಲ್ಟರಿನ ಹಿಂದೆ ಮುಂದೆ ಗೇಜು ಕೂಡಿಸಿಕೊಂಡವರು ಎರಡರ ಅಂತರ ಹೆಚ್ಚಾದಾಗ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಓದಿಕೊಳ್ಳುತ್ತಾರೆ, ಕೊನೆಯ ಬಳ್ಳಿಗೆ ನೀರು ಮುಟ್ಟಲಿಲ್ಲವೆಂದು ಕೂಡಲೇ ಹೊಸ ಬೋರು ಕೊರೆಸಲು ಹೊರಡುವುದಿಲ್ಲ. ಕಾರಿನಲ್ಲಿಯೂ ಎರಡು ಮುಳ್ಳು ಕೂಡಿಯೇ ಮಾತಾಡುತ್ತವೆ. ಎರಡೂ ಕೆಳಗಿದ್ದರೆ ಗ್ಯಾಸು ಕಡಿಮೆ. ಎರಡೂ ಮೇಲಿದ್ದರೆ ಕಂಡೆನ್ಸರಿಗೆ ಗಾಳಿ ಸಾಲದು, ಅಥವಾ ಗ್ಯಾಸು ಹೆಚ್ಚಾಗಿದೆ. ಕೆಳಗಿರಬೇಕಾದದ್ದು ಮೇಲೆ, ಮೇಲಿರಬೇಕಾದದ್ದು ಕೆಳಗೆ ಇದ್ದರೆ ಕಂಪ್ರೆಸರಿನ ಶಕ್ತಿ ಉಡುಗಿದೆ. ನೀಲಿ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ ಎಲ್ಲೋ ದಾರಿ ಕಟ್ಟಿದೆ. ಹಲವು ಸಲ ಕೊಳವೆಯೊಳಗೆ ಉಳಿದ ತೇವವೇ ವಾಲ್ವಿನ ಬಾಯಲ್ಲಿ ಮಂಜಾಗಿ ಕೂತಿರುತ್ತದೆ.

ಇಂಜಿನ್ ಬಂದ್ ಇರುವಾಗ ಮಾತ್ರ ಗೇಜು ನೋಡಿ ‘ಗ್ಯಾಸ್ ಐತ್ರಿ’ ಎಂದರೆ ಅದು ಅರ್ಧ ಸತ್ಯ. ನಲವತ್ತು ಡಿಗ್ರಿ ಶಾಖದಲ್ಲಿ ಆರ್-134ಎ ಇರುವ ಕಾರಿನಲ್ಲಿ ಎರಡೂ ಮುಳ್ಳು ಸುಮಾರು 130 ಪಿಎಸ್‌ಐ ತೋರಿಸುತ್ತವೆ. ಕೊಳವೆಯೊಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಆದ್ದರಿಂದ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುವುದೇ ಸರಿಯಾದ ಕ್ರಮ. ಎಷ್ಟು ಗ್ರಾಂ, ಯಾವ ಗ್ಯಾಸು ಎಂಬುದನ್ನು ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಕಂಪನಿಯವರೇ ಬರೆದಿರುತ್ತಾರೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ‘ಐವತ್ತು ಗ್ರಾಂ ಹೆಚ್ಚಿಗೆ ಹಾಕ್ರಿ, ಛಲೋ ಥಂಡಿ ಬರಲಿ’ ಎಂದು ನಾವೇ ಒತ್ತಾಯಿಸುತ್ತೇವೆ. ಹೆಚ್ಚು ಹಾಕಿದರೆ ಕಂಡೆನ್ಸರಿನಲ್ಲಿ ದ್ರವವೇ ತುಂಬಿ, ಒತ್ತಡ ಏರಿ, ತಂಪು ಇಳಿಯುತ್ತದೆ. ಹೊಸ ಕೆಲವು ಕಾರುಗಳಲ್ಲಿ ಆರ್-1234ವೈಎಫ್ ಎಂಬ ಬೇರೆ ಅನಿಲ ಇರುತ್ತದೆ, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಉರಿಯುವ ಗ್ಯಾಸನ್ನು ತುಂಬಿಸಿಕೊಳ್ಳುವುದಂತೂ ಮಕ್ಕಳನ್ನು ಕೂಡಿಸಿಕೊಂಡು ಓಡುವ ಗಾಡಿಗೆ ಸಲ್ಲದು.

ಗ್ಯಾಸು ಕಡಿಮೆಯಿದೆ ಎಂದು ಖಚಿತವಾದರೆ ನಿಜವಾದ ಹುಡುಕಾಟ ಆಗ ಶುರು. ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುವುದರಿಂದ ಸೋರುವ ಕಡೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿರುತ್ತದೆ. ಕಣ್ಣಿದ್ದವರಿಗೆ ಅದೇ ಮೊದಲ ಸುಳಿವು. ಸಿಗದಿದ್ದರೆ ಖಾಲಿ ಕೊಳವೆಗೆ ನೈಟ್ರೋಜನ್ ತುಂಬಿ, ಕೂಡುವ ಜಾಗಗಳಿಗೆಲ್ಲ ಸಾಬೂನಿನ ನೊರೆ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಾಯಬೇಕು. ಟೈರಿಗೆ ಹಾಕುವ ಗಾಳಿಯನ್ನೇ ತುಂಬಿದರೆ ತೇವ ಒಳಗೆ ಹೋಗುತ್ತದೆ. ತೀರಾ ಸಣ್ಣ ಸೋರಿಕೆಯಾದರೆ ಬಣ್ಣದ ಡೈ ಹಾಕಿ ಓಡಿಸಿ, ಕೆಲವು ದಿನ ಬಿಟ್ಟು ನೇರಳೆ ದೀಪ ಹಿಡಿದು ನೋಡುತ್ತಾರೆ. ತೂತು ಸಿಕ್ಕಿ, ಓ-ರಿಂಗು ಬದಲಿಸಿ, ತೇವ ಹೀರುವ ಡ್ರೈಯರ್ ಹೊಸದು ಹಾಕಿ, ವ್ಯಾಕ್ಯೂಮ್ ಪಂಪು ಕನಿಷ್ಠ ಅರ್ಧ ತಾಸು ಓಡಿಸಬೇಕು, ಒಳಗಿನ ಗಾಳಿಯೂ ತೇವವೂ ಹೋಗಲಿ ಎಂದು. ಪಂಪು ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ನಿಲ್ಲುತ್ತದೆಯೇ ಎಂದು ಮತ್ತಷ್ಟು ಹೊತ್ತು ನೋಡಬೇಕು. ಆಮೇಲೆ ಗ್ಯಾಸು. ತುಂಬುವ ಕೆಲಸ ಕೆಲವೇ ನಿಮಿಷದ್ದು. ಅದರ ಹಿಂದಿನದು ಅರ್ಧ ದಿನ.

ನಮ್ಮ ಅವಸರ ತೊಂದರೆ ಕೊಡುವುದು ಈ ಅರ್ಧ ದಿನದಲ್ಲೇ. ಗ್ಯಾಸಿಗೆ ಹಣ ಕೊಡಲು ನಮಗೆ ಬೇಸರವಿಲ್ಲ, ಸಿಲಿಂಡರು ಕಣ್ಣಿಗೆ ಕಾಣುತ್ತದೆ. ಬದಲಿಸಿದ ಕಂಪ್ರೆಸರಿಗೂ ಕೊಡುತ್ತೇವೆ, ಹಳೆಯದನ್ನು ಕೈಗೆ ಇಸಿದುಕೊಂಡು ಮನೆಗೆ ತರಬಹುದು. ಆದರೆ ನೊರೆ ಸವರಿ, ಬೆನ್ನು ಬಾಗಿಸಿ, ಟಾರ್ಚು ಹಿಡಿದು ಮೂರು ತಾಸು ಹುಡುಕಿದವರು ಕೊನೆಗೆ ಇಪ್ಪತ್ತು ರೂಪಾಯಿಯ ರಬ್ಬರು ಬಳೆ ತೋರಿಸಿ ಎಂಟುನೂರು ಕೇಳಿದರೆ ನಮ್ಮ ಮುಖ ಬಾಡುತ್ತದೆ. ‘ಇಷ್ಟಕ್ಕ ಎಂಟ್ನೂರಾ?’ ಹೀಗೆ ನಾಲ್ಕು ಸಲ ಕೇಳಿಸಿಕೊಂಡ ಮೇಲೆ ಯಾವ ಮೇಸ್ತ್ರಿಯಾದರೂ ಹುಡುಕುವುದನ್ನು ಬಿಟ್ಟು ತುಂಬುವುದನ್ನೇ ಹಿಡಿಯುತ್ತಾನೆ. ಊರಿನಲ್ಲಿ ಹುಡುಕಬಲ್ಲ ಕೈಗಳು ಕಡಿಮೆಯಾಗಿವೆ ಎಂದು ಗೊಣಗುವ ನಾವು ಅವರನ್ನು ಕಡಿಮೆ ಮಾಡಿದ್ದು ನಮ್ಮ ಚೌಕಾಶಿಯೇ ಎಂಬುದನ್ನು ಒಪ್ಪಿಕೊಳ್ಳುವುದಿಲ್ಲ. ಮಗನಿಗೆ ಅಂಕ ಕಡಿಮೆ ಬಂದರೆ ಇನ್ನೊಂದು ಟ್ಯೂಷನ್ನಿಗೆ ಹಣ ಕಟ್ಟುವುದು ಇದೇ ಬುದ್ಧಿಯಿಂದ. ಕಪ್ಪುಹಲಗೆ ಅವನಿಗೆ ಕಾಣುತ್ತಿದೆಯೇ, ರಾತ್ರಿ ನಿದ್ದೆ ಸಾಕಾಗುತ್ತಿದೆಯೇ ಎಂದು ಕೇಳಿ ತಿಳಿದ ಶಿಕ್ಷಕಿಗೆ ನಾವು ಒಂದು ಕೃತಜ್ಞತೆಯ ಮಾತನ್ನೂ ಆಡಿರುವುದಿಲ್ಲ.

ಹುಡುಕದೆ ತುಂಬುವುದು ಈ ಊರಿಗೆ ಮೊದಲಿನಿಂದ ಬಂದ ಗುಣವೇನೂ ಅಲ್ಲ. ಇಲ್ಲಿಯ ಸುಲ್ತಾನ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳನ್ನು ಗಚ್ಚಿನಲ್ಲಿ ಹುದುಗಿಸಿ ನೀರು ಹರಿಸಿದಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಎತ್ತರ 25ರಿಂದ 40 ಅಡಿ. ಕೊಳವೆಯ ನೀರು ಗೋಪುರದೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಹೂಳು ತಳದಲ್ಲಿ ನಿಲ್ಲುತ್ತಿತ್ತು. ಕಟ್ಟಿದವರ ವಿವೇಕ ನೋಡಿ. ಎಲ್ಲೋ ಒಂದು ಕಡೆ ಕಟ್ಟಿಕೊಳ್ಳುತ್ತದೆ, ಎಲ್ಲೋ ಸೋರುತ್ತದೆ ಎಂದು ಮೊದಲೇ ತಿಳಿದು, ನೆಲದಡಿಯ ಕೊಳವೆಯನ್ನು ಇಣುಕಿ ನೋಡಿ ಸ್ವಚ್ಛಗೊಳಿಸಲು ಅಲ್ಲಲ್ಲಿ ಜಾಗ ಬಿಟ್ಟರು. ಹೂಳು ತೆಗೆಯುವ ಕೈ ನಿಂತುಹೋದ ಮೇಲೆ ವ್ಯವಸ್ಥೆಯೂ ನಿಂತಿತು. ಕೆಲವು ಗಂಜ್‌ಗಳು ಈಗಲೂ ಮನೆಗಳ ನಡುವೆ ಒಣಗಿ ನಿಂತಿವೆ. ಇಬ್ರಾಹಿಂ ಆದಿಲ್‌ಶಾಹನ ಕಾಲದ ತಾಜ್ ಬಾವಡಿ ಎಂಬ ಬಾವಿಯದೂ ಬಹುಕಾಲ ಇದೇ ಪಾಡಾಗಿತ್ತು. ಗಣೇಶ ವಿಸರ್ಜನೆಯ ಮಣ್ಣೂ ಊರಿನ ಕಸವೂ ಸೇರಿ ತುಂಬಿದ್ದ ಅದರ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆಸಬೇಕಾಯಿತು.

ಸೋರಿಕೆ ಹುಡುಕದೆ ತುಂಬುವುದರಿಂದ ನಮ್ಮ ಕಿಸೆಗೆ ಮಾತ್ರ ನಷ್ಟವೆಂದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಹಳೆಯ ಕಾರುಗಳಲ್ಲಿದ್ದ ಆರ್-12 ಎಂಬ ಅನಿಲ ಓಝೋನ್ ಪದರವನ್ನು ಹರಿಯುತ್ತದೆಂದು ಗೊತ್ತಾಗಿ, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಆರ್-12ರ ಜಾಗಕ್ಕೆ ಬಂದ ಆರ್-134ಎ ಓಝೋನ್ ತಂಟೆಗೆ ಹೋಗುವುದಿಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸಣ್ಣ ಕಾರಿನ 400 ಗ್ರಾಂ ಸೋರಿಹೋದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟಾಯಿತು. ಅಷ್ಟು ಪೆಟ್ರೋಲಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿಬರಬಹುದು. ತಂಪಿಗೆಂದು ತುಂಬಿಸಿದ್ದು ಮುಂದಿನ ಬೇಸಿಗೆಯ ಬಿಸಿಲಿಗೆ ಸೇರುತ್ತದೆ, ನಮ್ಮದಷ್ಟೇ ಅಲ್ಲ, ಎ.ಸಿ.ಯನ್ನೇ ಕಾಣದೆ ತಗಡಿನ ಸೂರಿನಡಿ ಮಧ್ಯಾಹ್ನ ಕಳೆಯುವವರ ಬಿಸಿಲಿಗೂ. 2016ರ ಕಿಗಾಲಿ ತಿದ್ದುಪಡಿಯಂತೆ ಈ ಬಗೆಯ ಅನಿಲಗಳನ್ನೂ ಇಳಿಸುತ್ತ ಹೋಗಬೇಕು. ಭಾರತ 2021ರಲ್ಲಿ ಅದನ್ನು ಒಪ್ಪಿದೆ, ಕಡಿತ 2032ರಿಂದ ಶುರುವಾಗುತ್ತದೆ. ನಮ್ಮ ಓಣಿಯ ಗ್ಯಾರೇಜಿನಲ್ಲಿ ಅದಕ್ಕಾಗಿ ಕಾಯಬೇಕಿಲ್ಲ.

ಈ ಬೇಸಿಗೆಯಲ್ಲಿ ನಿಮ್ಮ ಕಾರು ಬಿಸಿ ಗಾಳಿ ಊದಿದರೆ, ದಯವಿಟ್ಟು ಕೂಡಲೇ ಗ್ಯಾರೇಜಿಗೆ ಓಡಬೇಡಿ. ಗಾಳಿಯ ಗುಂಡಿ, ಫಿಲ್ಟರು, ಮುಂದಿನ ಜಾಳಿಗೆಯ ಧೂಳು ಇವನ್ನು ಮನೆಯಂಗಳದಲ್ಲೇ ನೋಡಿ. ಒಂದೆರಡು ದಿನ ಗಮನಿಸಿ, ನಿಂತಾಗ ಬಿಸಿಯೋ ಓಡುವಾಗಲೋ, ಒಮ್ಮೆಲೇ ಆಯಿತೋ ಬರಬರುತ್ತ ಆಯಿತೋ, ಹಿಂದೆ ಗ್ಯಾಸು ಹಾಕಿಸಿದ್ದು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊಳವೆಯ ಕೀಲುಗಳನ್ನು ನೀವೇ ಸಡಿಲಿಸಲು ಹೋಗಬೇಡಿ, ಚಿಮ್ಮಿದ ಗ್ಯಾಸು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಆಮೇಲೆ ಮೇಸ್ತ್ರಿಯ ಮುಂದೆ ಚೀಟಿ ಇಟ್ಟು, ‘ಅಣ್ಣಾ, ಮೊದಲು ಸೋರುವ ಜಾಗ ತೋರಸ್ರಿ, ಆಮ್ಯಾಲ ಗ್ಯಾಸ್ ಹಾಕ್ರಿ. ಹುಡುಕಿದ ಕೂಲಿ ಬ್ಯಾರೆ ಕೊಡತೀನಿ’ ಎಂದು ಹೇಳಿ. ಹೇಳಿದಂತೆ, ಚೌಕಾಶಿ ಮಾಡದೆ, ಕೊಟ್ಟುಬಿಡಿ.